ಎಂಜಿನಿನ ಉಸಿರಾಟ: ಸಿಲಿಂಡರು ಹೆಡ್ಡಿನೊಳಗೆ ಗಾಳಿಯ ದಾರಿ

ಮೋಟಾರು ಗಾಡಿಗೆ ಬಲ ಎಲ್ಲಿಂದ ಬರುತ್ತದೆಂದು ಯಾರನ್ನು ಕೇಳಿದರೂ ‘ಪೆಟ್ರೋಲಿನಿಂದ’ ಎಂಬ ಉತ್ತರ ಸಿದ್ಧವಾಗಿರುವುದು. ಈ ಉತ್ತರ ತಪ್ಪಲ್ಲ; ಆದರೆ ಅರ್ಧ ಮಾತ್ರ ಸರಿ. ಒಂದು ಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು ೧೪.೭ ಗ್ರಾಂ ಗಾಳಿ ಬೇಕು. ಗಾತ್ರದ ಲೆಕ್ಕದಲ್ಲಿ ನೋಡಿದರೆ ಈ ಅಂತರ ಇನ್ನೂ ಬೆರಗುಗೊಳಿಸುತ್ತದೆ: ಒಂದು ಲೀಟರು ಪೆಟ್ರೋಲಿಗೆ ಸುಮಾರು ೯,೦೦೦ ಲೀಟರು ಗಾಳಿ! ಪೆಟ್ರೋಲನ್ನು ಒಳಗೆ ಸುರಿಯುವುದು ಸುಲಭ. ಸೂಜಿಯ ಮೊನೆಯಷ್ಟು ರಂಧ್ರ ಸಾಕು. ಗಾಳಿಯನ್ನು ಒಳಕ್ಕೆ ತರುವುದೇ ಕಷ್ಟ. ಎಂಜಿನಿನ ಬಲವನ್ನು ಹೆಚ್ಚಿಸಬೇಕೆಂದು ಹೊರಟವರೆಲ್ಲ ಕೊನೆಗೆ ಗಾಳಿಯ ಹಿಂದೆ ಬಿದ್ದುದಕ್ಕೆ ಇದೇ ಕಾರಣ.

ಎಂಜಿನು ಗಾಳಿಯನ್ನು ಎಳೆದುಕೊಳ್ಳುತ್ತದೆಂದು ನಾವು ವಾಡಿಕೆಯಲ್ಲಿ ಹೇಳುತ್ತೇವೆ. ವಾಸ್ತವವಾಗಿ ಪಿಸ್ಟನ್ನು ಕೆಳಗಿಳಿದಾಗ ಸಿಲಿಂಡರಿನೊಳಗೆ ಒತ್ತಡ ತಗ್ಗುವುದು. ಹೊರಗಿನ ವಾಯುಮಂಡಲ ತನ್ನ ಒತ್ತಡದಿಂದ ಗಾಳಿಯನ್ನು ಒಳಕ್ಕೆ ತಳ್ಳುವುದು. ಗಾಳಿಯನ್ನು ಒತ್ತಿ ತುಂಬುವ ಬೇರೆ ಯಂತ್ರವಿಲ್ಲದ ಎಂಜಿನಿನಲ್ಲಿ ನಮಗಿರುವ ಬಂಡವಾಳ ಆ ಒಂದು ವಾಯುಮಂಡಲದ ಒತ್ತಡ ಮಾತ್ರ. ದಾರಿಯಲ್ಲಿ ಎಲ್ಲಿ ಇಕ್ಕಟ್ಟು ಬಂದರೂ, ಎಲ್ಲಿ ಸುಳಿ ಎದ್ದರೂ ಆ ಬಂಡವಾಳದಲ್ಲಿ ಅಷ್ಟು ಸೋರಿಹೋದಂತೆಯೇ. ಈ ದಾರಿಯ ಅತ್ಯಂತ ಇಕ್ಕಟ್ಟಾದ, ಅತ್ಯಂತ ವಕ್ರವಾದ ಭಾಗವಿರುವುದು ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನಲ್ಲಿ. ಕವಾಟಗಳು, ದಹನಕೋಷ್ಠ, ಗಾಳಿ ಬರುವ ಮತ್ತು ಹೊಗೆ ಹೋಗುವ ಮಾರ್ಗಗಳು, ಇವುಗಳ ಸುತ್ತ ತಂಪುನೀರು ಹರಿಯುವ ಅಂಗಿ, ಎಲ್ಲವೂ ಈ ಒಂದೇ ಎರಕದೊಳಗೆ ಅಡಕವಾಗಿವೆ.

ಹೆಡ್ಡಿನ ವಿದ್ಯೆಯನ್ನು ಅಭ್ಯಾಸ ಮಾಡಲು ಅಮೆರಿಕದ ‘ಮಸಲ್ ಕಾರು’ಗಳಿಗಿಂತ ಒಳ್ಳೆಯ ಉದಾಹರಣೆ ದೊರೆಯದು. ನಮ್ಮ ಮಾತಿನಲ್ಲಿ ಇವನ್ನು ಜಟ್ಟಿ ಗಾಡಿಗಳು ಎನ್ನಬಹುದು: ಮಧ್ಯಮ ಗಾತ್ರದ ಕಾರಿನ ಮೈಗೆ ದೊಡ್ಡ ಎಂಟು ಸಿಲಿಂಡರಿನ ಎಂಜಿನನ್ನು ಕೂರಿಸಿದವು. ೧೯೬೪ರಲ್ಲಿ ಪಾಂಟಿಯಾಕ್ ಕಂಪನಿ ೩೮೯ ಘನ ಅಂಗುಲದ ಎಂಜಿನಿನೊಡನೆ ಹೊರತಂದ ಜಿ.ಟಿ.ಓ. ಕಾರಿನಿಂದ ಈ ಯುಗ ಆರಂಭವಾಯಿತೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ೧೯೭೦ರ ಶುದ್ಧವಾಯು ಶಾಸನ, ವಿಮೆಯ ದುಬಾರಿ ದರ, ೧೯೭೩ರ ತೈಲದ ಬಿಕ್ಕಟ್ಟು, ಇವು ಸೇರಿ ಆ ಯುಗವನ್ನು ಮುಗಿಸಿದವು. ಆದರೆ ಗಾಡಿಗಳು ಉಳಿದವು; ಅವನ್ನು ಜತನದಿಂದ ಕಾಪಾಡಿ ಓಡಿಸುವವರು ಇಂದಿಗೂ ಇದ್ದಾರೆ. ಅವರಿಗಾಗಿ ಮೂಲ ತಯಾರಕರಲ್ಲದ ಬೇರೆ ಕಾರ್ಖಾನೆಗಳು ಹೊಸ ಹೆಡ್ಡುಗಳನ್ನು ಎರಕ ಹೊಯ್ದು ಮಾರುತ್ತವೆ. ಎಡೆಲ್‌ಬ್ರಾಕ್, ಡಾರ್ಟ್, ಬ್ರಾಡಿಕ್ಸ್, ಟ್ರಿಕ್ ಫ್ಲೋ, ಏರ್ ಫ್ಲೋ ರಿಸರ್ಚ್ ಮೊದಲಾದ ಹೆಸರುಗಳು ಆ ವಲಯದಲ್ಲಿ ಮನೆಮಾತು. ಹಳೆಯ ಗಾಡಿಯ ಮೂಲ ಎರಕಗಳು ದಿನದಿನಕ್ಕೆ ವಿರಳವಾಗುತ್ತಿರುವುದರಿಂದ, ಅವನ್ನು ತೆಗೆದು ಭದ್ರವಾಗಿಟ್ಟು ಹೊಸ ಹೆಡ್ಡಿನ ಮೇಲೆ ಪ್ರಯೋಗ ಮಾಡುವುದು ವಿವೇಕವೂ ಹೌದು. ಕೊರೆದ ಲೋಹ ಮತ್ತೆ ಬೆಳೆಯುವುದಿಲ್ಲ.

ಷೆವರ್ಲೆ ಕಂಪನಿಯ ‘ಚಿಕ್ಕ’ ವಿ-೮ ಎಂಜಿನನ್ನೇ ತೆಗೆದುಕೊಳ್ಳೋಣ. ಇದು ೧೯೫೫ರಲ್ಲಿ ಹೊರಬಂದಾಗ ಅದರ ಗಾತ್ರ ೨೬೫ ಘನ ಅಂಗುಲ, ಅಂದರೆ ಸುಮಾರು ೪.೩ ಲೀಟರು, ಗಾಳಿ ಬರುವ ಕವಾಟದ ವ್ಯಾಸ ೧.೭೨ ಅಂಗುಲ. ಅದೇ ಎಂಜಿನು ಬೆಳೆಯುತ್ತ ೧೯೫೭ರಲ್ಲಿ ೨೮೩, ೧೯೬೨ರಲ್ಲಿ ೩೨೭, ೧೯೬೭ರಲ್ಲಿ ೩೫೦, ೧೯೭೦ರಲ್ಲಿ ೪೦೦ ಘನ ಅಂಗುಲಗಳನ್ನು ಮುಟ್ಟಿತು. ಕವಾಟಗಳೂ ೧.೯೪, ೨.೦೨ ಅಂಗುಲಗಳಿಗೆ ಬೆಳೆದವು. ಆದರೆ ಹೆಡ್ಡಿನೊಳಗಣ ಮಾರ್ಗಗಳ ಮೂಲ ನಕ್ಷೆ ಮಾತ್ರ ಬದಲಾಗಲಿಲ್ಲ. ಬಾಲಕನಿಗೆ ಹೊಲಿದ ಅಂಗಿಯನ್ನು ಹೊಲಿಗೆ ಬಿಚ್ಚಿ ಬಿಚ್ಚಿ ಪ್ರಾಯದವನಿಗೆ ತೊಡಿಸಿದಂತೆ!

ಈ ಎಂಜಿನಿನಲ್ಲಿ ಕವಾಟಗಳು ಹೆಡ್ಡಿನಲ್ಲಿವೆ. ಅವನ್ನು ಎತ್ತುವ ಕ್ಯಾಮು ಕೆಳಗೆ ಬ್ಲಾಕಿನ ನಡುವೆ ಇದೆ. ನಡುವಣ ಸಂಬಂಧ ಪುಷ್‌ರಾಡು ಎಂಬ ಉದ್ದನೆಯ ಕಡ್ಡಿಗಳಿಂದ. ನಮ್ಮ ರಸ್ತೆಗಳಲ್ಲಿ ಬಹುಕಾಲ ಓಡಿದ ಆಂಬಾಸಡರ್ ಕಾರಿನ ೧೪೮೯ ಘನ ಸೆಂಟಿಮೀಟರಿನ ಎಂಜಿನಿನಲ್ಲಿಯೂ ಇದೇ ಏರ್ಪಾಡಿದ್ದಿತು. ಪುಷ್‌ರಾಡುಗಳು ಗಾಳಿಯ ಮಾರ್ಗದ ಪಕ್ಕದಲ್ಲಿಯೇ ಹಾದುಹೋಗಬೇಕಾದ್ದರಿಂದ ಮಾರ್ಗ ಅಲ್ಲಿ ಸೊಂಟ ಹಿಡಿದಂತೆ ಕಿರಿದಾಗಿದೆ. ಅದನ್ನು ದಾಟಿದ ಗಾಳಿ ಕವಾಟದ ಹಿಂದಿನ ಬಟ್ಟಲಿನಾಕಾರದ ಜಾಗಕ್ಕೆ ಬಂದು, ಅಲ್ಲಿ ಥಟ್ಟನೆ ಕೆಳಕ್ಕೆ ತಿರುಗಿ, ಕವಾಟದ ಅಂಚಿನ ಸುತ್ತ ಹರಡಿ ಸಿಲಿಂಡರನ್ನು ಸೇರಬೇಕು. ಕವಾಟ ಸಿಲಿಂಡರಿನ ಅಕ್ಷಕ್ಕೆ ೨೩ ಡಿಗ್ರಿ ವಾಲಿಕೊಂಡಿದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ೩೫೦ ಘನ ಅಂಗುಲವೆಂದರೆ ೫.೭೩೫ ಲೀಟರು, ಒಂದೊಂದು ಸಿಲಿಂಡರಿಗೆ ಸುಮಾರು ೭೧೭ ಘನ ಸೆಂಟಿಮೀಟರು. ಎಂಜಿನು ನಿಮಿಷಕ್ಕೆ ೬,೦೦೦ ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ನೂರು ಸುತ್ತಾಯಿತು. ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಬರುವುದು ಅರ್ಧ ಸುತ್ತಿನಲ್ಲಿ. ಎಂದರೆ ಸೆಕೆಂಡಿನ ಸಾವಿರದಲ್ಲಿ ಐದು ಭಾಗದಲ್ಲಿ. ಕಣ್ಣು ಮಿಟುಕಿಸಲು ಇದರ ಹತ್ತಾರು ಪಟ್ಟು ಕಾಲ ಬೇಕು. ಅಷ್ಟರೊಳಗೆ ಮುಕ್ಕಾಲು ಲೀಟರಿಗೆ ಸಮೀಪದ ಗಾಳಿ ಒಳಗೆ ಬರಬೇಕು. ಕವಾಟದ ಕೊರಳಿನ ವ್ಯಾಸ ೪೬ ಮಿಲಿಮೀಟರು ಎಂದಿಟ್ಟುಕೊಂಡರೆ ಅದರ ವಿಸ್ತೀರ್ಣ ೧೬.೬ ಚದರ ಸೆಂಟಿಮೀಟರು. ಅದರೊಳಗೆ ಗಾಳಿಯ ಸರಾಸರಿ ವೇಗ ಸೆಕೆಂಡಿಗೆ ಸುಮಾರು ೮೬ ಮೀಟರು, ಅಂದರೆ ಗಂಟೆಗೆ ೩೦೦ ಕಿಲೋಮೀಟರಿಗೂ ಮಿಗಿಲು. ಪಿಸ್ಟನ್ನು ನಡುದಾರಿಯಲ್ಲಿ ಅತಿವೇಗದಿಂದ ಇಳಿಯುವ ಕ್ಷಣದಲ್ಲಿ ಇದು ಇನ್ನೂ ಅರ್ಧಪಾಲಿಗಿಂತ ಹೆಚ್ಚಾಗುವುದು. ಚಂಡಮಾರುತ ಬೀಸುವುದು ಇದಕ್ಕಿಂತ ನಿಧಾನವಾಗಿ. ಇಂತಹ ವೇಗದಲ್ಲಿ ಲಂಬಕೋನಕ್ಕೆ ಹತ್ತಿರವಾದ ತಿರುವನ್ನು ತಿರುಗೆಂದು ನಾವು ಗಾಳಿಯನ್ನು ಕೇಳುತ್ತಿದ್ದೇವೆ.

ತೂಬಿನ ಬಿರಡೆ

ನಮ್ಮ ಹಳ್ಳಿಗಳ ಹಳೆಯ ಕೆರೆಗಳ ತೂಬನ್ನು ನೋಡಿದವರಿಗೆ ಕವಾಟದ ಕೆಲಸ ಬೇಗ ಅರ್ಥವಾಗುವುದು. ತೂಬಿನ ಕಂಡಿಗೆ ಬಿರಡೆ ಹಾಕಿ, ಬಿರಡೆಗೆ ಉದ್ದನೆಯ ಗಳುವನ್ನು ಸಿಕ್ಕಿಸಿರುತ್ತಾರೆ. ಗಳುವನ್ನು ಒಂದು ಬೆರಳಿನಷ್ಟು ಎತ್ತಿದರೆ ನೀರು ಹರಿಯುವುದು ಕಂಡಿಯ ಪೂರ್ಣ ವಿಸ್ತೀರ್ಣದಿಂದಲ್ಲ. ಬಿರಡೆಗೂ ಕಂಡಿಯ ಅಂಚಿಗೂ ನಡುವೆ ಸುತ್ತಲೂ ತೆರೆದ ತೆಳ್ಳನೆಯ ಬಳೆಯಂತಹ ಸಂದಿನಿಂದ. ಕವಾಟವೂ ಹೀಗೆಯೇ. ತೆರೆದ ಸಂದಿನ ವಿಸ್ತೀರ್ಣವೆಂದರೆ ಕವಾಟದ ಸುತ್ತಳತೆಯನ್ನು ಅದು ಎದ್ದ ಎತ್ತರದಿಂದ ಗುಣಿಸಿದಷ್ಟು. ಈ ವಿಸ್ತೀರ್ಣ ಕವಾಟದ ಮುಖದ ವಿಸ್ತೀರ್ಣಕ್ಕೆ ಸಮವಾಗುವುದು ಕವಾಟ ತನ್ನ ವ್ಯಾಸದ ಕಾಲುಭಾಗದಷ್ಟು ಎದ್ದಾಗ. ಇದನ್ನು ವಿದ್ಯಾರ್ಥಿಗಳು ತಾವೇ ಎರಡು ಸಾಲಿನಲ್ಲಿ ಸಾಧಿಸಿಕೊಳ್ಳಬಹುದು. ೨.೦೨ ಅಂಗುಲದ ಕವಾಟಕ್ಕೆ ಈ ಎತ್ತರ ಅರ್ಧ ಅಂಗುಲಕ್ಕಿಂತ ಕೂದಲೆಳೆಯಷ್ಟು ಹೆಚ್ಚು.

ಆ ಕಾಲದ ಬಹುಪಾಲು ಕ್ಯಾಮುಗಳು ಕವಾಟವನ್ನು ಅರ್ಧ ಅಂಗುಲ ಎತ್ತುತ್ತಲೇ ಇರಲಿಲ್ಲ. ಮೇಲಾಗಿ ಕವಾಟ ತನ್ನ ಪರಮಾವಧಿ ಎತ್ತರದಲ್ಲಿರುವುದು ಒಂದು ಸಲ ಮಾತ್ರ. ನಡುವಣ ಪ್ರತಿಯೊಂದು ಎತ್ತರವನ್ನೂ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಹೀಗೆ ಎರಡು ಸಲ ಹಾದುಹೋಗುವುದು. ಆದ್ದರಿಂದ ಕವಾಟ ಸ್ವಲ್ಪವೇ ತೆರೆದಿರುವಾಗ ಎಷ್ಟು ಗಾಳಿ ನುಗ್ಗುತ್ತದೆ ಎಂಬುದು ಪೂರ್ತಿ ತೆರೆದಾಗಿನ ಅಂಕಿಯಷ್ಟೇ ಮುಖ್ಯ. ಜಾಹೀರಾತುಗಳಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗುವುದು ಪೂರ್ತಿ ತೆರೆದಾಗಿನ ಅಂಕಿಯೇ ಆದುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇವೆ.

ಕವಾಟ ಸ್ವಲ್ಪವೇ ತೆರೆದಿರುವಾಗ ಎಲ್ಲವೂ ಅದರ ಪೀಠವನ್ನು ಅವಲಂಬಿಸಿದೆ. ಕವಾಟ ಕೂರುವ ಪಟ್ಟಿಯನ್ನು ಸಾಮಾನ್ಯವಾಗಿ ೪೫ ಡಿಗ್ರಿಗೆ ಕಡೆಯುತ್ತಾರೆ. ಅದೊಂದೇ ಕೋನವಿದ್ದರೆ ಅದರ ಎರಡು ಅಂಚುಗಳಲ್ಲಿಯೂ ಗಾಳಿ ಎಡವುವುದು. ಅದಕ್ಕಾಗಿ ದಹನಕೋಷ್ಠದ ಕಡೆಗೆ ೩೦ ಡಿಗ್ರಿ, ಮಾರ್ಗದ ಕಡೆಗೆ ೬೦ ಡಿಗ್ರಿ, ಹೀಗೆ ಮೂರು ಕೋನಗಳಲ್ಲಿ ಕಡೆದು ತಿರುವನ್ನು ನಯಗೊಳಿಸುವ ಪದ್ಧತಿ ಬಂದಿತು. ಈಚೆಗೆ ಪೀಠದ ಪಾರ್ಶ್ವವನ್ನು ಒಂದೇ ದುಂಡನೆಯ ರೇಖೆಯಲ್ಲಿ ಕಡೆಯುವುದೂ ಉಂಟು. ಪಟ್ಟಿಯನ್ನು ಕಿರಿದು ಮಾಡಿದಷ್ಟೂ ಗಾಳಿಗೆ ಹಿತ. ಆದರೆ ಕವಾಟ ತನ್ನ ಬಿಸಿಯ ಬಹುಭಾಗವನ್ನು ಹೆಡ್ಡಿಗೆ ದಾಟಿಸುವುದು ಈ ಪಟ್ಟಿಯ ಮೂಲಕವೇ. ಹೊಗೆಯ ಕವಾಟದ ಪಟ್ಟಿಯನ್ನು ಅತಿಯಾಗಿ ಕಿರಿದು ಮಾಡಿದರೆ ಅದು ಕೆಂಪಗೆ ಕಾದು ಸುಟ್ಟುಹೋಗುವುದು. ಗಾಳಿಯ ಕವಾಟಕ್ಕೆ ಒಂದೂವರೆ ಮಿಲಿಮೀಟರು, ಹೊಗೆಯ ಕವಾಟಕ್ಕೆ ಎರಡು ಮಿಲಿಮೀಟರಿನ ಆಸುಪಾಸು ಇರಲೆಂದು ಅನುಭವಿಗಳು ಹೇಳುವುದು ಇದಕ್ಕಾಗಿ.

ಒಳತಿರುವು

ಹೊಳೆ ತಿರುಗುವ ಕಡೆ ದಡದಲ್ಲಿ ನಿಂತು ನೋಡಿದರೆ ನೀರಿನ ರಭಸವೆಲ್ಲ ಹೊರದಡವನ್ನು ಕೊರೆಯುತ್ತಿರುವುದೂ, ಒಳದಡದ ಬಳಿ ನೀರು ಮಂದವಾಗಿ, ಕೆಲವೆಡೆ ಹಿಂದಕ್ಕೆ ಸುತ್ತುತ್ತಿರುವುದೂ ಕಾಣುವುದು. ಹೆಡ್ಡಿನ ಮಾರ್ಗದಲ್ಲಿಯೂ ಕವಾಟದ ಬಳಿ ನೆಲದ ಕಡೆಯ ಒಳತಿರುವು ಬಲು ಚಿಕ್ಕದು. ಕವಾಟ ಸ್ವಲ್ಪವೇ ತೆರೆದಿರುವಾಗ ಗಾಳಿಯ ವೇಗ ಮಿತವಾಗಿದ್ದು, ಅದು ನೆಲಕ್ಕೆ ಅಂಟಿಕೊಂಡೇ ತಿರುಗುವುದು. ಕವಾಟ ಮತ್ತಷ್ಟು ಮೇಲೇರಿ ವೇಗ ಹೆಚ್ಚಿದಂತೆ ಗಾಳಿ ಆ ತಿರುವನ್ನು ಹಿಡಿಯಲಾರದೆ ನೆಲವನ್ನು ಬಿಟ್ಟು ಹಾರುವುದು. ಹಾರಿದ ಜಾಗದಲ್ಲಿ ಸುಳಿಗಳು ತುಂಬಿ, ಕಣ್ಣಿಗೆ ತೆರೆದಂತೆ ಕಾಣುವ ದಾರಿಯ ಒಂದು ಪಾಲು ನಿಜವಾಗಿ ಮುಚ್ಚಿಹೋಗುವುದು.

ಮನೆಯಲ್ಲಿಯೇ ಇದನ್ನು ಹೋಲುವ ಪ್ರಯೋಗ ಮಾಡಬಹುದು. ನಲ್ಲಿಯಿಂದ ಸಣ್ಣಗೆ ನೀರು ಬಿಟ್ಟು, ದೊಡ್ಡ ಚಮಚದ ಉಬ್ಬಿದ ಬೆನ್ನನ್ನು ಧಾರೆಗೆ ತಾಗಿಸಿರಿ. ಧಾರೆ ಬೆನ್ನಿಗೆ ಅಂಟಿಕೊಂಡು ಬಾಗಿ ಹರಿಯುವುದು. ಚಮಚದ ಬದಲು ಚೂಪು ಅಂಚಿನ ಪಟ್ಟಿಯನ್ನು ಹಿಡಿದರೆ ಧಾರೆ ಅಂಚಿನಲ್ಲಿಯೇ ಕಳಚಿಕೊಳ್ಳುವುದು. ನೀರಿನ ಮೇಲ್ಮೈ ಎಳೆತವೂ ಇಲ್ಲಿ ಕೆಲಸಮಾಡುವುದರಿಂದ ಹೋಲಿಕೆ ಪೂರ್ಣವಲ್ಲ. ಆದರೂ ದುಂಡನೆಯ ತಿರುವಿಗೂ ಚೂಪು ತಿರುವಿಗೂ ಇರುವ ಭೇದ ಮನಸ್ಸಿನಲ್ಲಿ ನಿಲ್ಲುವುದು.

ಹೆಡ್ಡು ಕೊರೆಯಲು ಹೊಸದಾಗಿ ಕೈಹಾಕಿದವರು ಮಾಡುವ ಮೊದಲನೆಯ ತಪ್ಪು ಇದರಿಂದ ವೇದ್ಯವಾಗುತ್ತದೆ. ಮಾರ್ಗ ಇಕ್ಕಟ್ಟಾಗಿದೆಯೆಂದು ಅವರು ನೆಲವನ್ನು ಕೊರೆದು ತಗ್ಗಿಸುತ್ತಾರೆ. ದಾರಿ ಅಗಲವಾದದ್ದು ನಿಜ. ಆದರೆ ಒಳತಿರುವು ಇನ್ನಷ್ಟು ಚೂಪಾಗಿ ಗಾಳಿ ಮೊದಲಿಗಿಂತ ಬೇಗ ಕಳಚಿಕೊಳ್ಳುವುದು. ಮಾಡಬೇಕಾದುದು ಇದಕ್ಕೆ ತೀರ ವಿರುದ್ಧ: ಎತ್ತರಿಸಬೇಕಾದುದು ಮಾಡನ್ನು. ಮಾರ್ಗವೆಲ್ಲ ಮೇಲೇರಿದಷ್ಟೂ ಗಾಳಿ ಕವಾಟದತ್ತ ಹೆಚ್ಚು ನೇರವಾಗಿ ಇಳಿಯುವುದು. ಆದರೆ ಹಳೆಯ ಬೀಡುಕಬ್ಬಿಣದ ಎರಕದಲ್ಲಿ ಮಾಡಿನ ಲೋಹ ತೆಳು. ಅದರಾಚೆ ನೀರಿನ ಅಂಗಿ. ಮರಳಿನ ಅಚ್ಚಿನೊಳಗೆ ಕೂರಿಸುವ ತಿರುಳಚ್ಚು ಎರಕದ ವೇಳೆ ಕೂದಲಿನಷ್ಟು ಸರಿದಿದ್ದರೂ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗಿರುತ್ತದೆ. ಅದನ್ನು ಹೊರಗಿನಿಂದ ಕಾಣುವಂತಿಲ್ಲ. ಹಲವು ದಿನ ಬೆವರು ಸುರಿಸಿ ಕೊರೆದವನು ಕೊನೆಯ ನಿಮಿಷದಲ್ಲಿ ನೀರಿಗೆ ದಾರಿಮಾಡಿ, ಇಡೀ ಹೆಡ್ಡನ್ನು ಗುಜರಿಗೆ ಹಾಕಿದ ಸಂಗತಿಗಳು ಈ ಕಸುಬಿನಲ್ಲಿ ಧಾರಾಳ.

ಹೊರಗಿನ ಕಾರ್ಖಾನೆಗಳ ಹೊಸ ಎರಕಗಳು ಉಪಕಾರಮಾಡಿದ್ದು ಇಲ್ಲಿಯೇ. ಬ್ಲಾಕಿಗೆ ಬಿಗಿಯುವ ೧೭ ಬೋಲ್ಟುಗಳ ತಾಣ, ಪುಷ್‌ರಾಡುಗಳ ತಾಣ, ಇವನ್ನು ಅವರು ಬದಲಿಸುವಂತಿಲ್ಲ. ಬದಲಿಸಿದರೆ ಹೆಡ್ಡು ಹಳೆಯ ಎಂಜಿನಿಗೆ ಕೂರದು. ಹಳೆಯ ಮನೆಯ ಗೋಡೆಗಳನ್ನು ಉಳಿಸಿಕೊಂಡು ಒಳಗೆ ಹೊಸ ಪಡಸಾಲೆ ಕಟ್ಟಿದಂತೆ, ಆ ಕಟ್ಟುಪಾಡಿನೊಳಗೇ ಮಾರ್ಗವನ್ನು ತುಸು ಮೇಲೆತ್ತಿ, ಒಳತಿರುವನ್ನು ದುಂಡಗೆ ಮಾಡಿ, ಕೊರೆಯುವವರಿಗಾಗಿ ಗೋಡೆಗಳನ್ನು ದಪ್ಪವಾಗಿ ಬಿಟ್ಟರು. ಬೀಡುಕಬ್ಬಿಣದ ಬದಲು ಅಲ್ಯೂಮಿನಿಯಂ ಬಳಸಿದ್ದರಿಂದ ತೂಕ ಬಹಳ ಇಳಿಯಿತು. ತಪ್ಪಿ ಕೊರೆದರೂ ಬೆಸುಗೆ ಹಾಕಿ ತಿದ್ದುವುದು ಸುಲಭವಾಯಿತು. ಇವುಗಳಲ್ಲಿ ಕವಾಟದ ಪೀಠಗಳಿಗೆ ಗಟ್ಟಿ ಲೋಹದ ಬಳೆಗಳನ್ನು ಬೇರೆಯಾಗಿ ಕೂರಿಸಿರುತ್ತಾರೆ. ಅಮೆರಿಕದ ರಸ್ತೆ ವಾಹನಗಳಿಗೆ ಸೀಸ ಬೆರೆತ ಪೆಟ್ರೋಲು ೧೯೯೬ರಿಂದ ನಿಷಿದ್ಧ. ಸೀಸದ ಲೇಪನದ ರಕ್ಷಣೆಯನ್ನೇ ನಂಬಿದ್ದ ಹಳೆಯ ಮೆದು ಪೀಠಗಳು ಬೇಗ ಸವೆಯತೊಡಗಿದ್ದರಿಂದ ಇದೂ ಸಣ್ಣ ಲಾಭವಲ್ಲ.

ಗಾಳಿಯನ್ನು ಅಳೆಯುವುದು

ಕಣ್ಣಿಗೆ ಕಾಣದ ಗಾಳಿಯ ವಿಷಯದಲ್ಲಿ ಊಹೆಯನ್ನು ನಂಬುವಂತಿಲ್ಲ, ಅಳೆಯಲೇಬೇಕು. ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್ ೧೯೨೦ರ ದಶಕದಲ್ಲಿಯೇ ಹೆಡ್ಡುಗಳ ಗಾಳಿಯ ಹರಿವನ್ನು ಅಳೆದು ಬೆಂಟ್ಲಿ ಕಾರುಗಳ ಎಂಜಿನನ್ನು ಸುಧಾರಿಸಿದನು. ನಾವು ಮೇಲೆ ಹೇಳಿದ ಆಂಬಾಸಡರ್ ಎಂಜಿನಿನ ಹೃದಯಾಕಾರದ ದಹನಕೋಷ್ಠವೂ ಆತನ ಕಲ್ಪನೆಯೇ.

ಅಳೆಯುವ ಯಂತ್ರಕ್ಕೆ ಫ್ಲೋ ಬೆಂಚು ಎಂದು ಹೆಸರು. ಅದರ ತತ್ತ್ವ ಸರಳ. ಸಿಲಿಂಡರಿನಷ್ಟೇ ವ್ಯಾಸದ ಕೊಳವೆಯ ಮೇಲೆ ಹೆಡ್ಡನ್ನು ಕೂರಿಸಿ, ಕೆಳಗಿನಿಂದ ಮೋಟಾರಿನ ಬೀಸಣಿಗೆಗಳಿಂದ ಗಾಳಿಯನ್ನು ಹೀರುತ್ತಾರೆ. ನೀರು ತುಂಬಿದ ಬಾಗುಕೊಳವೆಯಲ್ಲಿ ಒತ್ತಡದ ವ್ಯತ್ಯಾಸವನ್ನು ನೋಡಿ ಅದನ್ನು ಒಂದು ಗೊತ್ತಾದ ಮಟ್ಟದಲ್ಲಿ ನಿಲ್ಲಿಸುತ್ತಾರೆ. ಅಮೆರಿಕದಲ್ಲಿ ಈಗ ರೂಢಿಯಲ್ಲಿರುವ ಮಟ್ಟ ೨೮ ಅಂಗುಲದ ನೀರಿನ ಕಂಬ. ಇದು ಸುಮಾರು ೭,೦೦೦ ಪಾಸ್ಕಲ್, ವಾಯುಮಂಡಲದ ಒತ್ತಡದ ಶೇಕಡಾ ಏಳರಷ್ಟು. ಬರ್ನೂಲಿಯ ಸೂತ್ರದಂತೆ ಈ ಒತ್ತಡ ಗಾಳಿಗೆ ಸೆಕೆಂಡಿಗೆ ೧೦೮ ಮೀಟರಿನ ವೇಗ ಕೊಡಬಲ್ಲುದು. ನಾವು ಮೊದಲು ಲೆಕ್ಕಹಾಕಿದ ವೇಗಗಳ ಸಮೀಪಕ್ಕೆ ಇದು ಬರುವುದನ್ನು ಓದುಗರು ಗಮನಿಸಬೇಕು. ಬಳಿಕ ಕವಾಟವನ್ನು ಅಂಗುಲದ ಹತ್ತನೆಯ ಒಂದು ಭಾಗ, ಎರಡು ಭಾಗ, ಹೀಗೆ ತೆರೆಯುತ್ತ ಪ್ರತಿ ಸಲವೂ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹರಿಯಿತೆಂದು ಬರೆದುಕೊಳ್ಳುತ್ತಾರೆ. ಮಾರ್ಗದ ಬಾಯಿಗೆ ಜೇಡಿಮಣ್ಣಿನಂತಹ ಮೆದು ಪದಾರ್ಥದಿಂದ ದುಂಡನೆಯ ತುಟಿ ಕಟ್ಟದಿದ್ದರೆ ಗಾಳಿ ಬಾಯಿಯಲ್ಲಿಯೇ ಎಡವಿ ಅಂಕಿ ಕಡಿಮೆ ತೋರುವುದು.

೧೯೬೦ರ ದಶಕದ ಒಳ್ಳೆಯ ಮೂಲ ಹೆಡ್ಡು ಈ ಮಟ್ಟದಲ್ಲಿ ನಿಮಿಷಕ್ಕೆ ಸುಮಾರು ೨೦೦ ಘನ ಅಡಿ ಹರಿಸಿದರೆ, ಇಂದಿನ ಒಳ್ಳೆಯ ಹೊರತಯಾರಿಕೆಯ ಹೆಡ್ಡು ೨೫೦ನ್ನೂ ಮೀರುವುದು. ಇದನ್ನು ಬಲಕ್ಕೆ ಪರಿವರ್ತಿಸುವ ಒಂದು ಅನುಭವದ ಸೂತ್ರವಿದೆ: ಹರಿವನ್ನು ೦.೨೫೭ರಿಂದಲೂ ಸಿಲಿಂಡರುಗಳ ಸಂಖ್ಯೆಯಿಂದಲೂ ಗುಣಿಸಿದರೆ ಎಂಜಿನು ಮುಟ್ಟಬಹುದಾದ ಅಶ್ವಶಕ್ತಿಯ ಅಂದಾಜು ಸಿಗುವುದು. ೨೦೦ಕ್ಕೆ ೪೧೧, ೨೫೦ಕ್ಕೆ ೫೧೪. ಇದು ಮೇಲ್ಮಿತಿ ಮಾತ್ರ. ಕ್ಯಾಮು, ಕಾರ್ಬುರೇಟರು, ಹೊಗೆಯ ಕೊಳವೆಗಳು ಎಲ್ಲವೂ ಹೊಂದಿ ಬಂದರೆ ಅಷ್ಟು; ಇಲ್ಲದಿದ್ದರೆ ಹೆಡ್ಡು ಎಷ್ಟೇ ಒಳ್ಳೆಯದಿರಲಿ, ಅಗಲವಾದ ಹೆದ್ದಾರಿ ಓಣಿಗೆ ಬಂದು ಸೇರಿದಂತೆ.

ಅಂಕಿಗಳನ್ನು ಹೋಲಿಸುವಾಗ ಒತ್ತಡದ ಮಟ್ಟವನ್ನು ಕೇಳಲು ಮರೆಯಬಾರದು. ಹರಿವು ಒತ್ತಡದ ವರ್ಗಮೂಲಕ್ಕೆ ಅನುಪಾತವಾಗಿ ಹೆಚ್ಚುವುದು. ಹಿಂದೆ ೧೦ ಅಂಗುಲದ ಮಟ್ಟದಲ್ಲಿ ಅಳೆಯುವ ರೂಢಿಯಿದ್ದಿತು. ೨೮ನ್ನು ೧೦ರಿಂದ ಭಾಗಿಸಿ ವರ್ಗಮೂಲ ತೆಗೆದರೆ ೧.೬೭. ಆದ್ದರಿಂದ ಹಳೆಯ ಪಟ್ಟಿಯ ೧೫೦, ಹೊಸ ಪಟ್ಟಿಯ ೨೫೦ಕ್ಕೆ ಸಮ. ಎರಡೂ ಒಂದೇ ಹೆಡ್ಡು!

ಬೆಂಚಿನ ಮುಂದೆ ನಿಂತವರ ಕಿವಿಯೂ ಒಂದು ಸಾಧನವೇ. ಕವಾಟವನ್ನು ಮೇಲೆತ್ತುತ್ತ ಹೋದಂತೆ ಗಾಳಿಯ ಸಮನಾದ ಸೊಲ್ಲು ಒಂದು ಹಂತದಲ್ಲಿ ಒಡೆದು ಗೊರಗೊರನೆ ಕೇಳತೊಡಗುವುದು. ಅದೇ ಹೊತ್ತಿಗೆ ಹರಿವಿನ ಅಂಕಿ ನಿಂತುಬಿಡುವುದು, ಕೆಲವೊಮ್ಮೆ ಹಿಂದಕ್ಕೂ ಬರುವುದು. ಗಾಳಿ ಒಳತಿರುವಿನಲ್ಲಿ ಕಳಚಿಕೊಂಡ ಗುರುತು ಅದು.

ದೊಡ್ಡದು ಏಕೆ ಒಳ್ಳೆಯದಲ್ಲ

ಬೆಂಚಿನ ಅಂಕಿ ಹೆಚ್ಚಾಗಬೇಕಾದರೆ ಮಾರ್ಗವನ್ನು ದೊಡ್ಡದು ಮಾಡುತ್ತ ಹೋದರೆ ಸಾಕಲ್ಲವೇ ಎಂದು ಓದುಗರು ಕೇಳಬಹುದು. ಫೋರ್ಡ್ ಕಂಪನಿ ಹೀಗೆಯೇ ಒಂದು ಪ್ರಯೋಗ ಮಾಡಿತು. ೧೯೭೦ರ ಅದರ ೩೫೧ ‘ಕ್ಲೀವ್‌ಲೆಂಡ್’ ಎಂಜಿನಿನ ನಾಲ್ಕು ಬಾಯಿಯ ಕಾರ್ಬುರೇಟರಿನ ಮಾದರಿಗೆ ಬೃಹತ್ ಮಾರ್ಗಗಳೂ ೨.೧೯ ಅಂಗುಲದ ಕವಾಟಗಳೂ ಇದ್ದವು. ಇಂತಹವೇ ಹೆಡ್ಡುಗಳನ್ನು ಇನ್ನೂ ಚಿಕ್ಕದಾದ ಬಾಸ್ ೩೦೨ ಎಂಜಿನಿಗೆ ೧೯೬೯ರಲ್ಲಿ ೨.೨೩ ಅಂಗುಲದ ಕವಾಟಗಳೊಡನೆ ಕೂರಿಸಿದ್ದರು. ಮರುವರ್ಷವೇ ಅವನ್ನು ೨.೧೯ಕ್ಕೆ ಇಳಿಸಬೇಕಾಯಿತು. ಪಂದ್ಯದ ಬಯಲಿನಲ್ಲಿ, ಅತಿವೇಗದಲ್ಲಿ ಇವು ಅದ್ಭುತ. ಪೇಟೆಯ ಬೀದಿಯಲ್ಲಿ ಕಡಿಮೆ ವೇಗದಲ್ಲಿ ಮಾತ್ರ ಜಡ. ಈ ದೊಡ್ಡ ಮಾರ್ಗಗಳ ನೆಲದಲ್ಲಿ ಲೋಹದ ತುಂಡುಗಳನ್ನು ಕೂರಿಸಿ ಮತ್ತೆ ಕಿರಿದು ಮಾಡಿಕೊಂಡವರೂ ಉಂಟು.

ಕಾರಣವನ್ನು ವಿಚಾರಿಸೋಣ. ಫ್ಲೋ ಬೆಂಚಿನಲ್ಲಿ ಗಾಳಿ ಎಡೆಬಿಡದೆ ಹರಿಯುವುದು. ಎಂಜಿನಿನಲ್ಲಾದರೋ ಅದು ಓಡಬೇಕು, ನಿಲ್ಲಬೇಕು, ಮತ್ತೆ ಓಡಬೇಕು. ಪಿಸ್ಟನ್ನು ತಳ ಮುಟ್ಟಿ ಮೇಲಕ್ಕೆ ಹೊರಟ ಮೇಲೂ ೫೦–೭೦ ಡಿಗ್ರಿಯವರೆಗೆ ಗಾಳಿಯ ಕವಾಟವನ್ನು ತೆರೆದೇ ಇಟ್ಟಿರುತ್ತಾರೆ. ಮಾರ್ಗದಲ್ಲಿ ಧಾವಿಸುತ್ತಿರುವ ಗಾಳಿಕಂಬ ತನ್ನ ಜಡತ್ವದಿಂದ, ಮೇಲೇರುವ ಪಿಸ್ಟನ್ನಿನ ವಿರುದ್ಧವೂ ಇನ್ನಷ್ಟು ಒಳಕ್ಕೆ ನುಗ್ಗಲಿ ಎಂಬುದು ಉದ್ದೇಶ. ಈ ನುಗ್ಗುವ ಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ಒಂದೇ ಉದ್ದದ ಎರಡು ಮಾರ್ಗಗಳ ಒಳಗಾತ್ರ ೧೭೦ ಮತ್ತು ೨೨೦ ಘನ ಸೆಂಟಿಮೀಟರು ಎಂದಿಟ್ಟುಕೊಳ್ಳಿರಿ. ಎರಡನೆಯದರಲ್ಲಿ ವೇಗ ಮೊದಲನೆಯದರ ಶೇಕಡಾ ೭೭. ಪ್ರತಿ ಗ್ರಾಂ ಗಾಳಿಯ ಚಲನಶಕ್ತಿ ಶೇಕಡಾ ೬೦ ಮಾತ್ರ. ಎಂಜಿನು ನಿಧಾನವಾಗಿ ತಿರುಗುವಾಗ ಇಷ್ಟು ಮಂದವಾದ ಗಾಳಿ ಪಿಸ್ಟನ್ನಿಗೆ ಸೋತು ಬಂದ ದಾರಿಯಲ್ಲಿಯೇ ಹಿಂದಕ್ಕೆ ಸರಿಯುವುದು. ಕಾರ್ಬುರೇಟರಿನಿಂದ ಬಂದ ಪೆಟ್ರೋಲಿನ ಹನಿಗಳೂ ಗಾಳಿಯಲ್ಲಿ ತೇಲಲಾರದೆ ಗೋಡೆಗೆ ಅಂಟಿಕೊಳ್ಳುವುವು. ಆದುದರಿಂದ ದಿನಬಳಕೆಯ ೩೫೦ ಎಂಜಿನಿಗೆ ೧೭೦ರಿಂದ ೧೯೫ ಘನ ಸೆಂಟಿಮೀಟರಿನ ಮಾರ್ಗವಿರುವ ಹೆಡ್ಡೇ ಲೇಸೆಂಬುದು ನಮ್ಮ ಅಭಿಪ್ರಾಯ. ೨೦೦ನ್ನು ಬಹಳ ದಾಟಿದವು ಪಂದ್ಯದವರಿಗೆ.

ಕವಾಟದ ಗಾತ್ರದ ವಿಷಯದಲ್ಲಿಯೂ ಎಚ್ಚರ ಬೇಕು. ೧.೯೪ರಿಂದ ೨.೦೨ ಅಂಗುಲಕ್ಕೆ ಹೋದರೆ ವಿಸ್ತೀರ್ಣ ಶೇಕಡಾ ೮ ಹೆಚ್ಚುವುದು ನಿಜ. ಆದರೆ ಕವಾಟದ ಅಂಚು ಸಿಲಿಂಡರಿನ ಗೋಡೆಗೂ ಕೋಷ್ಠದ ಗೋಡೆಗೂ ಹತ್ತಿರವಾಗಿ, ಆ ಮಗ್ಗುಲಿನಲ್ಲಿ ಗಾಳಿಗೆ ಹೊರಬರಲು ಜಾಗವೇ ಇರದು. ಷೆವರ್ಲೆ ಕಂಪನಿಯೇ ೧೯೯೬ರಲ್ಲಿ ತನ್ನ ಲಾರಿ, ವ್ಯಾನುಗಳ ೩೫೦ ಎಂಜಿನಿಗೆ ‘ವಾರ್ಟೆಕ್’ ಎಂಬ ಬೀಡುಕಬ್ಬಿಣದ ಹೆಡ್ಡನ್ನು ಕೂರಿಸಿತು. ಕವಾಟಗಳು ಚಿಕ್ಕವು, ೧.೯೪ ಮತ್ತು ೧.೫೦ ಅಂಗುಲ. ಆದರೆ ಮಾರ್ಗದ ಆಕಾರ ಎಷ್ಟು ಚೆನ್ನಾಗಿತ್ತೆಂದರೆ, ೧೯೬೦ರ ದಶಕದ ಹೆಸರುವಾಸಿಯಾದ ೨.೦೨ ಅಂಗುಲದ ಕವಾಟದ ಹೆಡ್ಡುಗಳಿಗಿಂತ ಇದು ಹೆಚ್ಚು ಗಾಳಿ ಹರಿಸಿತು. ಸಾಮಾನು ಸಾಗಿಸುವ ಗಾಡಿಯ ಹೆಡ್ಡು ಜಟ್ಟಿ ಗಾಡಿಯ ಹೆಡ್ಡನ್ನು ಸೋಲಿಸಿದ್ದು ಆಕಾರದಿಂದ, ಗಾತ್ರದಿಂದಲ್ಲ.

ಅರ ಹಿಡಿಯುವ ಮುನ್ನ

ಕೊಂಡುತಂದ ಹೊಸ ಹೆಡ್ಡನ್ನೂ ಇನ್ನಷ್ಟು ಸುಧಾರಿಸಬಹುದೇ? ಬಹುದು, ಕಾರ್ಖಾನೆಯ ಎರಕದಲ್ಲಿ ಕೈಕೆಲಸಕ್ಕೆ ಎಡೆ ಉಳಿದೇ ಇರುತ್ತದೆ. ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಸಿಗುವ ಜಾಗ ಪೀಠದ ಕೆಳಗಿನ ಬಟ್ಟಲು. ಪೀಠ ಕಡೆಯುವ ಯಂತ್ರ ಬಿಟ್ಟುಹೋದ ಚೂಪು ಮೆಟ್ಟಿಲನ್ನು ಸಾಣೆಯಿಂದ ಒರೆಸಿ ಬಟ್ಟಲಿಗೆ ನಯವಾಗಿ ಬೆರೆಸ ಬೇಕು. ಸಾಣೆಯ ತುದಿ ಪೀಠಕ್ಕೆ ತಾಗಿದರೆ ಕವಾಟ ಮತ್ತೆ ಸೋರದಂತೆ ಕೂರುವುದಿಲ್ಲ. ಈ ಕೆಲಸ ಮಾಡುವಾಗ ಕೆಡಿಸಬಹುದಾದ ಹಳೆಯ ಕವಾಟವೊಂದನ್ನು ಕೂರಿಸಿ ಪೀಠವನ್ನು ಆಗಾಗ ಪರೀಕ್ಷಿಸುವುದು ಒಳ್ಳೆಯದು. ಕವಾಟದ ಕಾಂಡವನ್ನು ಹಿಡಿದಿರುವ ಗುಬುಟನ್ನು ಪಕ್ಕಗಳಲ್ಲಿ ತೆಳುಮಾಡಬಹುದು. ಒಳತಿರುವನ್ನು ಕೊರೆಯದೆ, ಅಂಚು ಮಾತ್ರ ದುಂಡಗಾಗಿಸಬೇಕು. ಒಂದು ಮಾರ್ಗಕ್ಕೆ ಮಾಡಿದ್ದನ್ನು ಎಂಟಕ್ಕೂ ಸಮನಾಗಿ ಮಾಡುವುದೇ ನಿಜವಾದ ಕಷ್ಟ. ಈಗ ಗಣಕಯಂತ್ರ ನಡೆಸುವ ಕೊರೆಯುವ ಯಂತ್ರಗಳು ಒಂದು ಒಳ್ಳೆಯ ಮಾರ್ಗವನ್ನು ನೋಡಿಕೊಂಡು ಎಂಟನ್ನೂ ಪಡಿಯಚ್ಚಿನಂತೆ ಕೊರೆಯುತ್ತವೆ.

ಕನ್ನಡಿಯಂತೆ ಹೊಳಪು ಕೊಡುವ ಮೋಹ ಬಹಳ ಮಂದಿಗಿದೆ. ಗಾಳಿಯ ಮಾರ್ಗದಲ್ಲಿ ಅದರಿಂದ ಹೆಚ್ಚಿನ ಲಾಭವಿಲ್ಲ. ಕಾರ್ಬುರೇಟರಿನ ಎಂಜಿನಿನಲ್ಲಿ ಗೋಡೆ ಕೊಂಚ ಒರಟಾಗಿದ್ದರೆ ಅಂಟಿಕೊಂಡ ಪೆಟ್ರೋಲು ಮತ್ತೆ ಗಾಳಿಗೆ ಬೆರೆಯಲು ಅನುಕೂಲ. ಹೊಗೆಯ ಮಾರ್ಗಕ್ಕೆ ಹೊಳಪು ಕೊಟ್ಟರೆ ಮಸಿ ಬೇಗ ಹಿಡಿಯದು, ಅಷ್ಟೆ.

ಹೊಗೆಯ ಮಾರ್ಗದ ಮಾತು ಚಿಕ್ಕದಾಗಿ ಮುಗಿಸಬಹುದು. ಅಲ್ಲಿ ಕವಾಟ ತೆರೆದಾಗ ಸಿಲಿಂಡರಿನೊಳಗೆ ವಾಯುಮಂಡಲದ ಹಲವು ಪಟ್ಟು ಒತ್ತಡವಿರುವುದರಿಂದ ಅನಿಲ ಮೊದಲಿಗೆ ಶಬ್ದದ ವೇಗದಲ್ಲಿಯೇ ಹೊರನುಗ್ಗುವುದು. ಬಂಡವಾಳ ಧಾರಾಳವಾಗಿರುವಾಗ ದಾರಿ ಕೊಂಚ ಕಿರಿದಾದರೂ ನಡೆಯುತ್ತದೆ. ಗಾಳಿಯ ಮಾರ್ಗ ಹರಿಸುವುದರ ಮುಕ್ಕಾಲು ಪಾಲು ಹರಿಸಿದರೆ ಹೊಗೆಯ ಮಾರ್ಗ ಸಾಕಷ್ಟು ಒಳ್ಳೆಯದೆಂದು ಎಣಿಕೆ.

ಓದುಗರಿಗೆ ಒಂದು ಲೆಕ್ಕ

೧೯೬೭ರಲ್ಲಿ ಷೆವರ್ಲೆ ಕಂಪನಿ ಕಮಾರೋ ಝಡ್-೨೮ ಕಾರಿಗೆ ೩೦೨ ಘನ ಅಂಗುಲದ ಎಂಜಿನನ್ನು ಕೊಟ್ಟಿತು. ಟ್ರಾನ್ಸ್-ಆಮ್ ಪಂದ್ಯದ ನಿಯಮ ೩೦೫ ಘನ ಅಂಗುಲಗಳನ್ನು ಮೀರಗೊಡುತ್ತಿರಲಿಲ್ಲ. ಅದರ ಸಿಲಿಂಡರಿನ ವ್ಯಾಸ ೪ ಅಂಗುಲ, ಪಿಸ್ಟನ್ನಿನ ಓಟ ೩ ಅಂಗುಲ. ಇದು ನಿಮಿಷಕ್ಕೆ ೭,೦೦೦ ಸುತ್ತು ತಿರುಗುವಾಗ ಎಷ್ಟು ಗಾಳಿಯನ್ನು ಬೇಡುವುದೆಂದೂ, ೬,೦೦೦ ಸುತ್ತಿನಲ್ಲಿರುವ ೩೫೦ ಎಂಜಿನಿಗೆ ಹೋಲಿಸಿದರೆ ಅದು ಹೆಚ್ಚೋ ಕಡಿಮೆಯೋ ಎಂದೂ ಲೆಕ್ಕ ಹಾಕಿರಿ. ಎರಡು ಸುತ್ತಿಗೆ ಒಮ್ಮೆ ಮಾತ್ರ ಎಂಜಿನು ತನ್ನ ಪೂರ್ಣ ಗಾತ್ರದ ಗಾಳಿಯನ್ನು ಸೇವಿಸುತ್ತದೆ ಎಂಬುದನ್ನೂ, ಒಂದು ಘನ ಅಡಿಯಲ್ಲಿ ೧,೭೨೮ ಘನ ಅಂಗುಲಗಳಿವೆ ಎಂಬುದನ್ನೂ ಮರೆಯಬಾರದು. ಉತ್ತರ: ಚಿಕ್ಕ ಎಂಜಿನಿಗೆ ನಿಮಿಷಕ್ಕೆ ೬೧೨ ಘನ ಅಡಿ, ದೊಡ್ಡದಕ್ಕೆ ೬೦೮. ಗಾಳಿ ಹೆಚ್ಚುಕಡಿಮೆ ಅಷ್ಟೇ. ಆದರೆ ಚಿಕ್ಕ ಎಂಜಿನಿನ ಪ್ರತಿ ಸಿಲಿಂಡರಿಗೂ ತುಂಬಿಕೊಳ್ಳಲು ಸಿಗುವ ಕಾಲ ಸಾವಿರದಲ್ಲಿ ಐದರ ಬದಲು ೪.೩ ಭಾಗ ಸೆಕೆಂಡು.